ಡೆಂಟಿನ್‌ಗೆ ಅಂಟುವ ರಾಳ: ನೀರಿನೊಡನೆ ಜಗ್ಗಾಟ

ಒಡೆದ ಪಿಂಗಾಣಿ ಬಟ್ಟಲನ್ನು ಅಂಟಿಸುವವರು ಮೊದಲು ಮಾಡುವ ಕೆಲಸ ಒಡೆದ ಅಂಚನ್ನು ತೊಳೆದು, ಒರೆಸಿ, ಚೆನ್ನಾಗಿ ಒಣಗಿಸುವುದು. ಸೈಕಲ್ ಟ್ಯೂಬಿಗೆ ಪಂಕ್ಚರ್ ಹಾಕುವವನೂ ಅಷ್ಟೆ. ತೂತಿನ ಸುತ್ತ ಉಜ್ಜಿ ಒರಟು ಮಾಡಿ, ತೇವ ಪೂರ್ತಿ ಆರಿದ ಮೇಲೆಯೇ ಸಲ್ಯೂಷನ್ ಹಚ್ಚುತ್ತಾನೆ. ಅಂಟಿಗೂ ನೀರಿಗೂ ಆಗಿಬರುವುದಿಲ್ಲ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಹುಳುಕು ಹಲ್ಲನ್ನು ಕೊರೆದು, ಹಲ್ಲಿನದೇ ಬಣ್ಣದ ರಾಳವನ್ನು ತುಂಬುವ ದಂತವೈದ್ಯರು ಅಂಟು ಹಚ್ಚುವ ನೆಲ ಎಂದೂ ಪೂರ್ತಿ ಒಣಗುವುದಿಲ್ಲ. ಅದಕ್ಕಿಂತ ವಿಚಿತ್ರವೆಂದರೆ, ಬಲವಂತವಾಗಿ ಒಣಗಿಸಿದರೆ ಅಲ್ಲಿ ಅಂಟು ಸರಿಯಾಗಿ ಹಿಡಿಯುವುದೇ ಇಲ್ಲ. ಹಾಗೆಂದು ಉಳಿಸಿಕೊಂಡ ಅದೇ ನೀರು ಮುಂದಿನ ಕೆಲವು ವರ್ಷಗಳಲ್ಲಿ ಅಂಟನ್ನು ಸಡಿಲಗೊಳಿಸುತ್ತದೆ. ಈ ಇಕ್ಕಟ್ಟಿನ ಭೌತಿಕ ಕಾರಣಗಳನ್ನೂ, ಅದರಿಂದ ಪಾರಾಗಲು ನಡೆದಿರುವ ಪ್ರಯತ್ನಗಳನ್ನೂ ಈ ಲೇಖನದಲ್ಲಿ ನೋಡೋಣ.

ಈ ವಿಷಯಕ್ಕೆ ಈಗ ಹೆಚ್ಚಿನ ಮಹತ್ವ ಬಂದಿದೆ. ನೂರೈವತ್ತು ವರ್ಷಗಳಿಗೂ ಮಿಕ್ಕಿ ಹಲ್ಲು ತುಂಬಲು ಬಳಕೆಯಲ್ಲಿದ್ದ ಅಮಾಲ್ಗಮ್, ಅಂದರೆ ಬೆಳ್ಳಿ ಮುಂತಾದ ಲೋಹಗಳ ಪುಡಿಯನ್ನು ಪಾದರಸದಲ್ಲಿ ಕಲಸಿದ ಮಿಶ್ರಣ, ಹಲ್ಲಿಗೆ ಅಂಟುವುದಿಲ್ಲ. ಕುಳಿಯ ಬಾಯಿಯನ್ನು ಕಿರಿದಾಗಿಯೂ ತಳವನ್ನು ಅಗಲವಾಗಿಯೂ ಕೊರೆದು ಅದು ಹೊರಬೀಳದಂತೆ ಹಿಡಿದಿಡುತ್ತಾರೆ. ಪಾದರಸದ ಬಳಕೆಯನ್ನು ತಗ್ಗಿಸುವ ಮಿನಮಾಟ ಒಪ್ಪಂದ 2013ರಲ್ಲಿ ಆಯಿತು. ಭಾರತ ಅದನ್ನು 2018ರಲ್ಲಿ ಸ್ಥಿರೀಕರಿಸಿತು. ಯೂರೋಪಿಯನ್ ಒಕ್ಕೂಟದಲ್ಲಿ ವೈದ್ಯಕೀಯವಾಗಿ ಅನಿವಾರ್ಯವಾದ ಸಂದರ್ಭಗಳನ್ನು ಬಿಟ್ಟರೆ ಅಮಾಲ್ಗಮ್ ತುಂಬುವುದು 2025ರ ಜನವರಿ 1ರಿಂದ ನಿಂತಿದೆ. ಅಮಾಲ್ಗಮ್‌ನ ಜಾಗಕ್ಕೆ ಬರುತ್ತಿರುವ ರಾಳ ನಿಂತಿರುವುದೇ ಅಂಟಿನ ಮೇಲೆ. ಅಂಟು ಬಿಟ್ಟರೆ ಅಂಚಿನಲ್ಲಿ ಸಂದು ಬೀಳುತ್ತದೆ, ಸಂದಿನಲ್ಲಿ ಎಂಜಲೂ ಬ್ಯಾಕ್ಟೀರಿಯಗಳೂ ನುಗ್ಗುತ್ತವೆ, ತುಂಬಿದ್ದನ್ನು ತೆಗೆದು ಮತ್ತೆ ತುಂಬಬೇಕಾಗುತ್ತದೆ. ಪ್ರತಿ ಬಾರಿ ತೆಗೆಯುವಾಗಲೂ ಒಂದಿಷ್ಟು ಒಳ್ಳೆಯ ಹಲ್ಲು ಹೋಗುತ್ತದೆ, ಕುಳಿ ಇನ್ನಷ್ಟು ಆಳವಾಗುತ್ತದೆ. ಹಲ್ಲು ಬೆಳೆದು ಬರುವ ವಸ್ತುವಲ್ಲ.

ಒಂದೇ ಹಲ್ಲು, ಎರಡು ನೆಲ

ಹಲ್ಲಿನ ಹೊರಕವಚ ಎನಾಮೆಲ್. ತೂಕದ ಲೆಕ್ಕದಲ್ಲಿ ಇದರ ಶೇಕಡ 96ರಷ್ಟು ಖನಿಜ. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್‌ಗಳಿಂದಾದ ಹೈಡ್ರಾಕ್ಸಿಅಪಟೈಟ್ ಎಂಬ ಹರಳು. ಇದು ಹೆಚ್ಚುಕಡಿಮೆ ಕಲ್ಲೆಂದೇ ಹೇಳಬಹುದು. ಅದರ ಒಳಗಿನ ಪದರ ಡೆಂಟಿನ್. ಇದರಲ್ಲಿ ತೂಕಕ್ಕೆ ಶೇಕಡ 70ರಷ್ಟು ಖನಿಜ, 20ರಷ್ಟು ಸಾವಯವ ವಸ್ತು, 10ರಷ್ಟು ನೀರು. ತೂಕದ ಬದಲು ಗಾತ್ರದ ಲೆಕ್ಕ ಹಿಡಿದರೆ ಚಿತ್ರ ಬದಲಾಗುತ್ತದೆ: ಖನಿಜ ಸುಮಾರು ಅರ್ಧ, ಸಾವಯವ ಭಾಗ ಶೇಕಡ 30, ನೀರು ಶೇಕಡ 20. ಅಂಟಿಸುವವನಿಗೆ ಮುಖ್ಯವಾದದ್ದು ಈ ಎರಡನೆಯ ಲೆಕ್ಕ. ಸಾವಯವ ಭಾಗದ ಬಹುಪಾಲು ಕೊಲ್ಲಾಜೆನ್ ಎಂಬ ಪ್ರೋಟೀನಿನ ಎಳೆಗಳು. ನಮ್ಮ ಚರ್ಮ, ಸ್ನಾಯುರಜ್ಜುಗಳಲ್ಲಿ ಇರುವುದೂ ಇದೇ.

ಡೆಂಟಿನ್ನಿನ ಉದ್ದಕ್ಕೂ ಒಳಗಿನ ತಿರುಳಿನಿಂದ ಎನಾಮೆಲ್ ಕಡೆಗೆ ಸೂಕ್ಷ್ಮ ನಾಳಗಳು ಸಾಗಿವೆ. ಎನಾಮೆಲ್ ಹತ್ತಿರ ಅವುಗಳ ವ್ಯಾಸ ಒಂದು ಮೈಕ್ರೋಮೀಟರಿಗಿಂತ ತುಸು ಕಡಿಮೆ. ತಿರುಳಿನ ಹತ್ತಿರ ಎರಡೂವರೆ ಮೈಕ್ರೋಮೀಟರ್. ಸಂಖ್ಯೆಯೂ ಒಳಗೆ ಹೋದಂತೆ ಹೆಚ್ಚುತ್ತದೆ, ಏಕೆಂದರೆ ಅವೆಲ್ಲ ಚಕ್ರದ ಕಡ್ಡಿಗಳಂತೆ ನಡುವಿಗೆ ಬಂದು ಸೇರುತ್ತವೆ. ಹೀಗಾಗಿ ಎನಾಮೆಲ್ ಪಕ್ಕದಲ್ಲಿ ಕೊರೆದ ಮೇಲ್ಮೈಯ ಸುಮಾರು ಶೇಕಡ 1ರಷ್ಟು ಮಾತ್ರ ನಾಳಗಳ ಬಾಯಿಯಾಗಿದ್ದರೆ ತಿರುಳಿನ ಪಕ್ಕದಲ್ಲಿ ಅದು ಶೇಕಡ 22ರವರೆಗೂ ಏರುತ್ತದೆ. ಜೀವಂತ ಹಲ್ಲಿನಲ್ಲಿ ಈ ನಾಳಗಳ ತುಂಬ ದ್ರವ, ಅದರ ಹಿಂದೆ ತಿರುಳಿನ ಒತ್ತಡ. ಒತ್ತಡವೇನೋ ಸಣ್ಣದು, ಸುಮಾರು 15 ಸೆಂಟಿಮೀಟರ್ ಎತ್ತರದ ನೀರಿನ ಕಂಬದಷ್ಟು. ಆದರೆ ಪ್ವಾಸೆಯ ನಿಯಮದಂತೆ ನಾಳದಲ್ಲಿನ ಹರಿವು ತ್ರಿಜ್ಯದ ನಾಲ್ಕನೇ ಘಾತಕ್ಕೆ ಅನುಪಾತದಲ್ಲಿರುತ್ತದೆ. 0.9 ಮೈಕ್ರೋಮೀಟರ್ ನಾಳಕ್ಕೂ 2.5 ಮೈಕ್ರೋಮೀಟರ್ ನಾಳಕ್ಕೂ ಹೋಲಿಸಿದರೆ, ಅಷ್ಟೇ ಒತ್ತಡ ಮತ್ತು ಅಷ್ಟೇ ಉದ್ದಕ್ಕೆ ಹರಿವು ಸುಮಾರು 60 ಪಟ್ಟು ಹೆಚ್ಚು. ಆಳದ ಕುಳಿಯಲ್ಲಿ ಅಂಟು ಹಚ್ಚುವುದು ಒಸರುವ ಬಾವಿಗೋಡೆಗೆ ಬಣ್ಣ ಬಳಿದಂತೆ ಎಂದು ಇದರಿಂದ ಊಹಿಸಿಕೊಳ್ಳಬಹುದು.

ಲೋಹಕ್ಕೆ ಬಣ್ಣ ಹಚ್ಚುವವರಿಂದ ಕಲಿತ ಪಾಠ

ಎನಾಮೆಲ್‌ನ ಸಮಸ್ಯೆ ಬೇಗ ಬಗೆಹರಿಯಿತು. ಅಮೆರಿಕದ ರೋಚೆಸ್ಟರ್‌ನಲ್ಲಿದ್ದ ಮೈಕೆಲ್ ಬುವೊನೊಕೋರ್, ಕಾರ್ಖಾನೆಗಳಲ್ಲಿ ಬಣ್ಣ ಚೆನ್ನಾಗಿ ಹಿಡಿಯಲೆಂದು ಲೋಹದ ಮೇಲ್ಮೈಗೆ ಫಾಸ್ಫಾರಿಕ್ ಆಮ್ಲ ಹಚ್ಚುವುದನ್ನು ಗಮನಿಸಿದ್ದರು. 1955ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಶೇಕಡ 85ರ ಫಾಸ್ಫಾರಿಕ್ ಆಮ್ಲವನ್ನು ಅರ್ಧ ನಿಮಿಷ ಎನಾಮೆಲ್ ಮೇಲೆ ಇಟ್ಟು ತೊಳೆದು, ಅದರ ಮೇಲೆ ಅಕ್ರಿಲಿಕ್ ರಾಳವನ್ನು ಅಂಟಿಸಿದರು. ಮೊದಲು ಕೆಲವು ಗಂಟೆಗಳಲ್ಲಿ ಕಳಚಿಕೊಳ್ಳುತ್ತಿದ್ದ ರಾಳ ಆಮ್ಲದ ಉಪಚಾರದ ನಂತರ ವಾರಗಟ್ಟಲೆ ಉಳಿಯಿತು. ಆಮ್ಲ ಹರಳುಗಳನ್ನು ಅಲ್ಲಲ್ಲಿ ಕೊರೆದು ಜೇನುಗೂಡಿನಂಥ ಮೇಲ್ಮೈ ಮಾಡುತ್ತದೆ. ಅದರ ಮೇಲ್ಮೈ ಶಕ್ತಿ ಹೆಚ್ಚಾಗಿ ದ್ರವರಾಳ ಚೆನ್ನಾಗಿ ಹರಡುತ್ತದೆ, ಲೋಮನಾಳ ಕ್ರಿಯೆಯಿಂದ ತೂತುಗಳೊಳಗೆ ಇಳಿಯುತ್ತದೆ, ಅಲ್ಲೇ ಗಟ್ಟಿಯಾಗುತ್ತದೆ. ಸಾವಿರಾರು ಸಣ್ಣ ಬೇರುಗಳು ಬಿಟ್ಟಂತಾಗುತ್ತದೆ. ಇಂದು ಆಮ್ಲದ ಸಾಂದ್ರತೆ ಶೇಕಡ 37ರ ಆಸುಪಾಸಿಗೆ ಇಳಿದಿದೆ ಎಂಬುದನ್ನು ಬಿಟ್ಟರೆ ಎನಾಮೆಲ್ ಮಟ್ಟಿಗೆ ವಿಧಾನ ಹೆಚ್ಚು ಬದಲಾಗಿಲ್ಲ.

ಇಲ್ಲಿ ನಮ್ಮ ರಾಜ್ಯದ ಓದುಗರಿಗೆ ಸಂಬಂಧಿಸಿದ ಒಂದು ಮಾತು ಹೇಳಬೇಕು. ಪಾವಗಡ, ಮುಂಡರಗಿಗಳಂಥ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿರುವುದು ಎಲ್ಲರಿಗೂ ತಿಳಿದದ್ದೇ. ಅಂಥ ನೀರು ಕುಡಿದು ಬೆಳೆದವರ ಎನಾಮೆಲ್‌ನ ಹೊರಪದರದಲ್ಲಿ ಫ್ಲೋರೈಡ್ ಸೇರಿದ ಅಪಟೈಟ್ ಹೆಚ್ಚಾಗಿದ್ದು ಅದು ಆಮ್ಲದಲ್ಲಿ ಸುಲಭವಾಗಿ ಕರಗುವುದಿಲ್ಲ. ಹಾಗಾಗಿ ಕಲೆಬಿದ್ದ ಹಲ್ಲಿಗೆ ಮಾಮೂಲಿನಷ್ಟು ಹೊತ್ತು ಆಮ್ಲ ಹಚ್ಚಿದರೆ ಸಾಲದೆ ಹೋಗಬಹುದು. ಹೊರಪದರವನ್ನು ತುಸು ಉಜ್ಜುವುದು, ಆಮ್ಲದ ಅವಧಿ ಹೆಚ್ಚಿಸುವುದು ವೈದ್ಯರು ಅನುಸರಿಸುವ ಮಾರ್ಗ.

ಬಲೆ ಕುಸಿಯುವುದೇಕೆ?

ಎನಾಮೆಲ್‌ಗೆ ಒಪ್ಪಿದ ಆಮ್ಲ ಡೆಂಟಿನ್‌ಗೂ ಒಪ್ಪಬೇಕಲ್ಲ? ಹಲವು ವರ್ಷ ಯಾರೂ ಆ ಧೈರ್ಯ ಮಾಡಲಿಲ್ಲ; ಆಮ್ಲ ನಾಳಗಳ ಮೂಲಕ ಇಳಿದು ತಿರುಳನ್ನು ಸುಟ್ಟೀತೆಂಬ ಭಯ. 1979ರಲ್ಲಿ ಜಪಾನಿನ ತಾಕಾವೊ ಫುಸಾಯಾಮ ಎನಾಮೆಲ್ ಮತ್ತು ಡೆಂಟಿನ್ ಎರಡಕ್ಕೂ ಒಟ್ಟಿಗೆ ಆಮ್ಲ ಹಚ್ಚಬಹುದೆಂದು ತೋರಿಸಿದರು. 1982ರಲ್ಲಿ ಟೋಕಿಯೋದ ನೊಬುವೊ ನಕಬಯಾಶಿ ಮತ್ತು ಸಂಗಡಿಗರು ಅಲ್ಲಿ ನಿಜವಾಗಿ ನಡೆಯುವುದೇನೆಂದು ವಿವರಿಸಿದರು.

ಕುಳಿ ಕೊರೆದಾಗ ಮೇಲ್ಮೈ ಮೇಲೆ ಒಂದೆರಡು ಮೈಕ್ರೋಮೀಟರ್ ದಪ್ಪಕ್ಕೆ ಕೊರೆತದ ಪುಡಿ ಮೆತ್ತಿಕೊಂಡಿರುತ್ತದೆ. ಆಮ್ಲ ಅದನ್ನು ಕರಗಿಸಿ, ಕೆಳಗಿನ ಡೆಂಟಿನ್ನಿನಲ್ಲಿ ಸುಮಾರು 5 ಮೈಕ್ರೋಮೀಟರ್ ಆಳದವರೆಗೆ ಖನಿಜವನ್ನೂ ತೆಗೆದುಹಾಕುತ್ತದೆ. ಉಳಿಯುವುದು ಕೊಲ್ಲಾಜೆನ್ ಎಳೆಗಳ ಬಲೆ. ಎಳೆ ಎಳೆಗಳ ನಡುವಿನ ಜಾಗ ಸುಮಾರು 20 ನ್ಯಾನೋಮೀಟರ್. ಖನಿಜವಿದ್ದ ಕಡೆಯೆಲ್ಲ ಈಗ ತೊಳೆದ ನೀರು. ಆ ನೀರಿನ ಜಾಗಕ್ಕೆ ದ್ರವರೂಪದ ರಾಳದ ಅಣುಗಳು ಇಳಿದು ಗಟ್ಟಿಯಾದರೆ ಅರ್ಧ ಹಲ್ಲು, ಅರ್ಧ ರಾಳ ಎನ್ನಬಹುದಾದ ಒಂದು ಪದರ ಉಂಟಾಗುತ್ತದೆ. ನಕಬಯಾಶಿ ಇದನ್ನು ಹೈಬ್ರಿಡ್ ಪದರ ಎಂದು ಕರೆದರು. ಕಬ್ಬಿಣದ ಸರಳಿನ ನಡುವೆ ಕಾಂಕ್ರೀಟ್ ಸುರಿದಂತೆ ಎಂದು ಹೋಲಿಸುವುದು ವಾಡಿಕೆ. ಆದರೆ ಕಬ್ಬಿಣದ ಸರಳು ತಾನಾಗಿ ನಿಂತಿರುತ್ತದೆ, ಈ ಬಲೆ ನಿಂತಿರುವುದು ನೀರಿನ ಆಸರೆಯಲ್ಲಿ.

ನೀರನ್ನು ಗಾಳಿ ಊದಿ ಒಣಗಿಸಿದರೆ ಏನಾದೀತು? ಲೆಕ್ಕ ಸುಲಭ. ಕಿರಿದಾದ ರಂಧ್ರದಲ್ಲಿ ನೀರಿನ ಬಾಗಿದ ಮೇಲ್ಮೈ ಗೋಡೆಗಳನ್ನು ಒಳಕ್ಕೆ ಎಳೆಯುವ ಒತ್ತಡ, ಮೇಲ್ಮೈ ಎಳೆತದ ಎರಡರಷ್ಟನ್ನು ತ್ರಿಜ್ಯದಿಂದ ಭಾಗಿಸಿದಷ್ಟು. ನೀರಿನ ಮೇಲ್ಮೈ ಎಳೆತ ಮೀಟರಿಗೆ 0.072 ನ್ಯೂಟನ್, ತ್ರಿಜ್ಯ 10 ನ್ಯಾನೋಮೀಟರ್. ಉತ್ತರ ಸುಮಾರು 14 ಮೆಗಾಪ್ಯಾಸ್ಕಲ್, ಅಂದರೆ ವಾಯುಮಂಡಲದ ಒತ್ತಡದ 140 ಪಟ್ಟು! ಖನಿಜ ಕಳೆದುಕೊಂಡ ಒದ್ದೆ ಬಲೆಯ ಯಂಗ್ ಗುಣಾಂಕ ಕೆಲವೇ ಮೆಗಾಪ್ಯಾಸ್ಕಲ್, ಮೆತ್ತನೆಯ ರಬ್ಬರಿನಂತೆ. ಅದು ಈ ಎಳೆತವನ್ನು ತಡೆಯಲಾರದು. ಒಣಗಿದ ಬಲೆ ಒದ್ದೆ ಬಟ್ಟೆಯಂತೆ ಮುದುಡಿ ಕುಸಿಯುತ್ತದೆ. ಹತ್ತಿರ ಬಂದ ಎಳೆಗಳ ನಡುವೆ ಹೈಡ್ರೋಜನ್ ಬಂಧಗಳು ಏರ್ಪಟ್ಟು ಅವು ಅಂಟಿಕೊಂಡುಬಿಡುತ್ತವೆ. ರಾಳದ ಅಣು ನುಸುಳಲು ದಾರಿಯೇ ಉಳಿಯುವುದಿಲ್ಲ. ಅದೃಷ್ಟವಶಾತ್ ನೀರು ಮತ್ತೆ ತಾಗಿಸಿದರೆ ಬಲೆ ಬಹುಮಟ್ಟಿಗೆ ಅರಳುತ್ತದೆ.

1990ರ ದಶಕದ ಆರಂಭದಲ್ಲಿ ಆಮ್ಲ ತೊಳೆದ ನಂತರ ಡೆಂಟಿನ್ನನ್ನು ಮಿನುಗುವಷ್ಟು ತೇವವಾಗಿಯೇ ಬಿಡುವ ಪದ್ಧತಿ ಬಂದದ್ದು ಇದೇ ಕಾರಣಕ್ಕೆ. ತೇವದೊಳಗೆ ಇಳಿಯಬೇಕಾದ್ದರಿಂದ ರಾಳವನ್ನು ಅಸಿಟೋನ್ ಅಥವಾ ಎಥನಾಲ್‌ನಲ್ಲಿ ಕರಗಿಸಿ ಹಚ್ಚುತ್ತಾರೆ. ಇವೆರಡರ ಮೇಲ್ಮೈ ಎಳೆತ ನೀರಿನದರ ಮೂರನೇ ಒಂದು ಭಾಗ. ಅಸಿಟೋನ್ ಅಂತೂ ಕೋಣೆಯ ಉಷ್ಣತೆಯಲ್ಲಿ ನೀರಿಗಿಂತ ಹತ್ತು ಪಟ್ಟು ಬಾಷ್ಪ ಒತ್ತಡ ಉಳ್ಳದ್ದು. ದ್ರಾವಕ ನೀರಿನೊಡನೆ ಬೆರೆತು, ಅದನ್ನು ಹೊರಕ್ಕೆ ಕರೆದುಕೊಂಡು ಆವಿಯಾಗಿ ಹೋಗುತ್ತದೆ, ರಾಳ ಹಿಂದುಳಿಯುತ್ತದೆ ಎಂಬುದು ಯೋಜನೆ.

ಯೋಜನೆಯಂತೆ ಎಲ್ಲವೂ ನಡೆಯುವುದಿಲ್ಲ. ವಿಸರಣೆಗೆ ಬೇಕಾದ ಕಾಲವೇ ತೊಡಕೆಂದು ಮೊದಲು ಅನಿಸಬಹುದು. ದ್ರವದಲ್ಲಿ ಸಣ್ಣ ಅಣುವೊಂದು 5 ಮೈಕ್ರೋಮೀಟರ್ ದಾಟಲು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಕಾಲ ಸಾಕು. ಬಲೆಯೊಳಗೆ ಅದು ನೂರು ಪಟ್ಟು ನಿಧಾನವಾದರೂ ಹತ್ತು ಸೆಕೆಂಡಿನ ಮಾತು. ಅಂಟನ್ನು 15–20 ಸೆಕೆಂಡು ಉಜ್ಜುತ್ತ ಹಚ್ಚಬೇಕೆಂಬ ಸೂಚನೆಗೆ ಇದು ಹೊಂದುತ್ತದೆ. ನಿಜವಾದ ತೊಡಕು ಅಣುಗಳ ಸ್ವಭಾವದಲ್ಲಿದೆ. ರಾಳದ ಬೆನ್ನೆಲುಬಾದ ಬಿಸ್-ಜಿಎಂಎ ಎಂಬ ಅಣು ದೊಡ್ಡದು, ಅಣುತೂಕ 512. ಅದಕ್ಕೆ ನೀರೆಂದರೆ ಆಗದು. ಜೊತೆಗೆ ಬೆರೆಸುವ ಹೆಮಾ ಎಂಬುದು ಚಿಕ್ಕದು, ಅಣುತೂಕ 130, ನೀರಿನಲ್ಲಿ ಚೆನ್ನಾಗಿ ಬೆರೆಯುತ್ತದೆ. ನೀರು ಹೆಚ್ಚಿದ್ದ ಕಡೆ ಬಿಸ್-ಜಿಎಂಎ ಬೇರೆಯಾಗಿ ಮೇಲೆಯೇ ಉಳಿದು, ಬಲೆಯ ತಳಕ್ಕೆ ಹೆಮಾ ಮಾತ್ರ ತಲುಪುತ್ತದೆ. ಹೆಮಾ ನೀರಿನ ಬಾಷ್ಪ ಒತ್ತಡವನ್ನೂ ತಗ್ಗಿಸುವುದರಿಂದ ಕೊನೆಯ ನೀರು ಆವಿಯಾಗುವುದು ಇನ್ನೂ ಕಷ್ಟವಾಗುತ್ತದೆ. ಫಲಿತಾಂಶವೇನೆಂದರೆ ಬಲೆಯ ತಳದಲ್ಲಿ ನೀರು ತುಂಬಿದ, ರಾಳ ಹೊದಿಯದ ಎಳೆಗಳು ಉಳಿಯುತ್ತವೆ. ದುರಂತಕ್ಕೆ ಬೀಜ ಬಿತ್ತುವುದು ಇಲ್ಲೇ.

ಕುಗ್ಗುವ ರಾಳ

ನೀರಿನ ವಿಚಾರಕ್ಕೆ ಮರಳುವ ಮುನ್ನ ಅಂಟು ಹುಟ್ಟಿದ ಕೂಡಲೇ ಎದುರಿಸುವ ಪರೀಕ್ಷೆಯನ್ನು ನೋಡಬೇಕು. ಅಂಟಿನ ಮೇಲೆ ತುಂಬುವ ಕಾಂಪೊಸಿಟ್ ರಾಳವನ್ನು ನೀಲಿ ಬೆಳಕಿನಿಂದ ಗಟ್ಟಿಗೊಳಿಸುತ್ತಾರೆ. ಅದರಲ್ಲಿರುವ ಕ್ಯಾಂಫರ್‌ಕ್ವಿನೋನ್ 470 ನ್ಯಾನೋಮೀಟರ್ ಸುತ್ತಮುತ್ತಲಿನ ಬೆಳಕನ್ನು ಹೀರಿ ಅಣುಗಳು ಒಂದಕ್ಕೊಂದು ಕೈಹಿಡಿಯುವ ಕ್ರಿಯೆಯನ್ನು ಆರಂಭಿಸುತ್ತದೆ. ಕೈಹಿಡಿದ ಅಣುಗಳು ಹತ್ತಿರ ಬರುತ್ತವೆ. ಗಾತ್ರದಲ್ಲಿ ಶೇಕಡ 2ರಿಂದ 3ರಷ್ಟು ಕುಗ್ಗುತ್ತದೆ. ಶೇಕಡ 3 ಎಂದಿಟ್ಟುಕೊಂಡರೆ ಉದ್ದದಲ್ಲಿ ಶೇಕಡ 1. ಗಟ್ಟಿಯಾದ ಕಾಂಪೊಸಿಟ್‌ನ ಯಂಗ್ ಗುಣಾಂಕ 10 ಗಿಗಾಪ್ಯಾಸ್ಕಲ್ ಎಂದರೆ ಉಂಟಾಗುವ ಪೀಡನ, ಅಂದರೆ ಏಕಮಾನ ವಿಸ್ತೀರ್ಣದ ಮೇಲಿನ ಬಲ, 100 ಮೆಗಾಪ್ಯಾಸ್ಕಲ್! ಡೆಂಟಿನ್‌ಗೆ ಹಿಡಿದ ಒಳ್ಳೆಯ ಅಂಟಿನ ಬಲವೋ 20ರಿಂದ 50 ಮೆಗಾಪ್ಯಾಸ್ಕಲ್. ಲೆಕ್ಕದ ಪ್ರಕಾರ ತುಂಬಿದ್ದೆಲ್ಲ ಕೂಡಲೇ ಕಿತ್ತುಬರಬೇಕಿತ್ತು. ಬರುವುದಿಲ್ಲ, ಏಕೆಂದರೆ ಕುಗ್ಗುವಿಕೆಯ ಒಂದು ಭಾಗ ರಾಳ ಇನ್ನೂ ಹರಿಯುವ ಸ್ಥಿತಿಯಲ್ಲಿರುವಾಗಲೇ ಮುಗಿದುಹೋಗುತ್ತದೆ, ಉಳಿದದ್ದರಲ್ಲಿ ಒಂದಿಷ್ಟನ್ನು ಹಲ್ಲಿನ ಗೋಡೆಗಳು ತುಸು ಬಾಗಿ ಸಹಿಸಿಕೊಳ್ಳುತ್ತವೆ. ಹರಿಯಲು ಬಿಡುವ ಮುಕ್ತ ಮೇಲ್ಮೈ ಎಷ್ಟಿದೆ ಎಂಬುದು ಇಲ್ಲಿ ನಿರ್ಣಾಯಕ. ನಾಲ್ಕು ಗೋಡೆ, ಒಂದು ತಳವಿರುವ ಪೆಟ್ಟಿಗೆಯಾಕಾರದ ಕುಳಿಯಲ್ಲಿ ಅಂಟಿದ ಮುಖ ಐದು, ಮುಕ್ತ ಮುಖ ಒಂದು. ಇದೇ ಅತ್ಯಂತ ಕೆಟ್ಟ ಸ್ಥಿತಿ. ವೈದ್ಯರು ರಾಳವನ್ನು ಒಮ್ಮೆಲೇ ತುಂಬದೆ ಪದರ ಪದರವಾಗಿ ಇಟ್ಟು ಬೆಳಕು ಹಾಯಿಸುವುದು ರೋಗಿಯ ತಾಳ್ಮೆ ಪರೀಕ್ಷಿಸಲಿಕ್ಕಲ್ಲ.

ಆಮೇಲೆ ಬಿಸಿ ಕಾಫಿ, ತಣ್ಣನೆಯ ಐಸ್‌ಕ್ರೀಂ. ಡೆಂಟಿನ್ನಿಗಿಂತ ಕಾಂಪೊಸಿಟ್ ಎರಡು ಮೂರು ಪಟ್ಟು ಹೆಚ್ಚು ಹಿಗ್ಗುತ್ತದೆ, ಕುಗ್ಗುತ್ತದೆ. ಅಗಿಯುವಾಗಿನ ಬಲ ಬೇರೆ. ಇದೆಲ್ಲ ದಿನಕ್ಕೆ ನೂರಾರು ಬಾರಿ.

ಯಾವುದನ್ನು ಅಳೆಯುತ್ತಿದ್ದೇವೆ?

ದಂತವೈದ್ಯ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿಗಳು ಅಂಟಿನ ಬಲ ಅಳೆಯಲೆಂದು ಭೌತವಿಜ್ಞಾನ ಮತ್ತು ಎಂಜಿನಿಯರಿಂಗ್ ವಿಭಾಗಗಳ ಎಳೆತದ ಯಂತ್ರಗಳನ್ನು ಹುಡುಕಿಕೊಂಡು ಬರುವುದುಂಟು. ಸಾಮಾನ್ಯವಾಗಿ ಅವರ ಮಾದರಿಗಳು 37 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 24 ಗಂಟೆ ಇದ್ದು ಬಂದವು. ಬರುವ ಸಂಖ್ಯೆ ಅಚ್ಚುಕಟ್ಟಾಗಿಯೇ ಇರುತ್ತದೆ. ಆದರೆ ಅದು ಒಂದು ದಿನದ ಕೂಸಿನ ತೂಕ ನೋಡಿ ಆಯುಷ್ಯ ಹೇಳಿದಂತೆ.

ಅಳತೆಯಲ್ಲೂ ಸೂಕ್ಷ್ಮಗಳಿವೆ. ಹಿಂದೆ ಮೂರು ನಾಲ್ಕು ಮಿಲಿಮೀಟರ್ ವ್ಯಾಸದ ರಾಳದ ಗುಂಡಿಯನ್ನು ಡೆಂಟಿನ್‌ಗೆ ಅಂಟಿಸಿ ಅಡ್ಡಕ್ಕೆ ತಳ್ಳಿ ನೋಡುತ್ತಿದ್ದರು. ಅಂಟುಗಳು ಉತ್ತಮವಾದಂತೆ ಮುರಿತ ಅಂಟಿನಲ್ಲಾಗದೆ ಡೆಂಟಿನ್ನಿನೊಳಗೇ ಆಗತೊಡಗಿತು. ಅಂಟು ಡೆಂಟಿನ್ನಿಗಿಂತ ಗಟ್ಟಿ ಎಂದು ಕೆಲವರು ಹಿಗ್ಗಿದರು. ವಾಸ್ತವವಾಗಿ ಪೀಡನ ಎಲ್ಲೆಡೆ ಸಮನಾಗಿ ಹರಡದೆ ಅಂಚಿನಲ್ಲಿ ಒಟ್ಟುಗೂಡಿ ಡೆಂಟಿನ್ನನ್ನು ಸೀಳುತ್ತಿತ್ತು ಅಷ್ಟೆ. 1994ರಲ್ಲಿ ಸಾನೊ ಮತ್ತು ಸಂಗಡಿಗರು ಅಂಟಿಸಿದ ಹಲ್ಲನ್ನು ಸುಮಾರು ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ಕಡ್ಡಿಗಳಾಗಿ ಕತ್ತರಿಸಿ ಎಳೆದು ನೋಡುವ ವಿಧಾನ ತಂದರು. ವಿಸ್ತೀರ್ಣ ಕಡಿಮೆಯಾದಂತೆ ಬಲ ಹೆಚ್ಚಾಗಿ ಕಂಡಿತು. ಗಾಜಿನ ಎಳೆಗಳ ಬಗ್ಗೆ ಗ್ರಿಫಿತ್ ಹೇಳಿದ ಮಾತೇ ಇದು: ಮಾದರಿ ಚಿಕ್ಕದಾದಷ್ಟೂ ಅದರಲ್ಲಿ ದೊಡ್ಡ ಬಿರುಕೊಂದು ಇರುವ ಸಂಭವ ಕಡಿಮೆ. ಹೀಗಾಗಿ ಎರಡು ವಿಧಾನಗಳ ಮೆಗಾಪ್ಯಾಸ್ಕಲ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದು ಅರ್ಥವಿಲ್ಲದ ಕೆಲಸ. ಜಾಹೀರಾತುಗಳಲ್ಲಿ ಇದು ಆಗಾಗ ನಡೆಯುತ್ತದೆ.

ನಿಜವಾದ ಬಾಳಿಕೆಯ ಚಿತ್ರ ಬಾಯಿಯಲ್ಲೇ ಸಿಗಬೇಕು. 2000ದಲ್ಲಿ ಪ್ರಕಟವಾದ ಹಾಶಿಮೋಟೊ ಮತ್ತು ಸಂಗಡಿಗರ ಅಧ್ಯಯನ ಇದಕ್ಕೆ ಒಳ್ಳೆಯ ಉದಾಹರಣೆ. ಮಕ್ಕಳ ಹಾಲುಹಲ್ಲುಗಳಿಗೆ ರಾಳ ತುಂಬಿ, ಒಂದರಿಂದ ಮೂರು ವರ್ಷಗಳ ಬಳಿಕ ಆ ಹಲ್ಲುಗಳನ್ನು ಪಡೆದು ಕಡ್ಡಿಗಳಾಗಿ ಕೊಯ್ದು ಎಳೆದರು. ಹೊಸದಾಗಿ ಅಂಟಿಸಿದ್ದರ ಸರಾಸರಿ ಬಲ ಸುಮಾರು 28 ಮೆಗಾಪ್ಯಾಸ್ಕಲ್, ಒಂದೆರಡು ವರ್ಷ ಬಾಯಿಯಲ್ಲಿ ಇದ್ದದ್ದರದು 15, ಎರಡು ಮೂರು ವರ್ಷದ್ದು 9. ಸೂಕ್ಷ್ಮದರ್ಶಕದಲ್ಲಿ ರಾಳ ಕರಗಿಹೋಗಿದ್ದದ್ದೂ ಕೊಲ್ಲಾಜೆನ್ ಎಳೆಗಳು ಸವೆದಿದ್ದದ್ದೂ ಕಂಡವು.

ನೀರು ಮಾಡುವ ಮೂರು ಕೆಲಸ

ಹೈಬ್ರಿಡ್ ಪದರದಲ್ಲಿ ಸಿಕ್ಕಿಕೊಂಡ ನೀರು ಮೊದಲನೆಯದಾಗಿ ರಾಳದ ಸರಪಳಿಗಳ ನಡುವೆ ಸೇರಿ ಅದನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಬೆಳಕು ಹಾಯಿಸಿದಾಗ ರಾಳದ ಕೂಡುಕೊಂಡಿಗಳಲ್ಲಿ ಕೂಡುವುದು ಹೆಚ್ಚೆಂದರೆ ಅರ್ಧದಿಂದ ಮುಕ್ಕಾಲು ಭಾಗ. ಆಳದ ಕುಳಿಯಲ್ಲಿ ದೀಪದ ತುದಿ ದೂರವಿದ್ದರೆ ಇನ್ನೂ ಕಡಿಮೆ. ಕೂಡದ ಅಣುಗಳು ನಿಧಾನವಾಗಿ ತೊಳೆದುಹೋಗುತ್ತವೆ, ಅವು ಇದ್ದ ಜಾಗಕ್ಕೆ ಮತ್ತೆ ನೀರು. ಎರಡನೆಯದಾಗಿ, ರಾಳದ ಅಣುಗಳಲ್ಲಿರುವ ಎಸ್ಟರ್ ಬಂಧಗಳನ್ನು ನೀರು ಕತ್ತರಿಸುತ್ತದೆ, ಇದು ಜಲವಿಶ್ಲೇಷಣೆ. ನೀರು ರಾಳದೊಳಗೆ ಕವಲೊಡೆಯುತ್ತ ಮರದಂತೆ ಬೆಳೆಯುವುದನ್ನು ಟೇ ಮತ್ತು ಪ್ಯಾಶ್ಲಿ 2003ರಲ್ಲಿ ವರ್ಣಿಸಿ ಅದಕ್ಕೆ ಜಲವೃಕ್ಷ ಎಂಬ ಹೆಸರನ್ನೇ ಬಳಸಿದರು. ಹೆಸರು ವಿದ್ಯುತ್ ಎಂಜಿನಿಯರುಗಳಿಂದ ಎರವಲು ತಂದದ್ದು. ನೆಲದಡಿಯ ವಿದ್ಯುತ್ ಕೇಬಲ್ಲುಗಳ ಪಾಲಿಎಥಿಲೀನ್ ಹೊದಿಕೆ ಹಾಳಾಗುವಾಗ ಕಾಣುವುದೂ ಇಂಥ ನೀರಿನ ಕವಲುಗಳೇ.

ಮೂರನೆಯದು ಯಾರೂ ನಿರೀಕ್ಷಿಸದೆ ಇದ್ದದ್ದು. ಬ್ಯಾಕ್ಟೀರಿಯಗಳೇ ಇಲ್ಲದ ಪರಿಸ್ಥಿತಿಯಲ್ಲೂ ಕೊಲ್ಲಾಜೆನ್ ಬಲೆ ತಾನಾಗಿ ಕರಗುವುದನ್ನು ಪ್ಯಾಶ್ಲಿ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದರು. ಕತ್ತರಿಸುವ ಕತ್ತರಿ ಡೆಂಟಿನ್ನಿನೊಳಗೇ ಇದೆ. ಹಲ್ಲು ರೂಪುಗೊಳ್ಳುವಾಗ ಕೆಲಸ ಮಾಡಿದ, ಪ್ರೋಟೀನ್ ಕತ್ತರಿಸುವ ಕೆಲವು ಕಿಣ್ವಗಳು ಖನಿಜದೊಳಗೆ ಹೂತು ಸುಮ್ಮನಿರುತ್ತವೆ. ಆಮ್ಲ ಖನಿಜವನ್ನು ತೆಗೆದಾಗ ಅವು ಎಚ್ಚರಗೊಳ್ಳುತ್ತವೆ. ರಾಳ ಹೊದಿಯದ ಎಳೆಗಳು ಅವುಗಳ ಮುಂದೆ ತೆರೆದೇ ಇರುತ್ತವೆ. ಈ ಕಿಣ್ವಗಳು ಬಂಧ ಕಡಿಯುವುದು ನೀರಿನ ಅಣುವೊಂದನ್ನು ಬಳಸಿಕೊಂಡು. ನೀರಿಲ್ಲದಿದ್ದರೆ ಕತ್ತರಿ ಆಡುವುದಿಲ್ಲ. ಮೂರು ಹಾದಿಗಳೂ ಬಂದು ನಿಲ್ಲುವುದು ಒಂದೇ ಕಡೆ.

ಬಾಳಿಕೆ ಹೆಚ್ಚಿಸುವ ದಾರಿಗಳು

ಕಿಣ್ವಗಳನ್ನು ತಡೆಯುವುದು ಮೊದಲಿಗೆ ಹೊಳೆದ ಉಪಾಯ. ಬಾಯಿ ಮುಕ್ಕಳಿಸುವ ದ್ರಾವಣಗಳಲ್ಲಿರುವ ಕ್ಲೋರ್‌ಹೆಕ್ಸಿಡಿನ್ ಈ ಕೆಲಸ ಮಾಡಬಲ್ಲದು. ಆಮ್ಲ ತೊಳೆದ ಮೇಲೆ ಶೇಕಡ 2ರ ದ್ರಾವಣ ಹಚ್ಚಿ ಅಂಟಿಸಿದ ಹಲ್ಲುಗಳಲ್ಲಿ ಒಂದು ವರ್ಷಕ್ಕೂ ಮಿಕ್ಕಿ ಬಲ ಉಳಿದದ್ದನ್ನು 2007ರಲ್ಲಿ ವರದಿ ಮಾಡಲಾಯಿತು. ಆದರೆ ಅದು ಎಳೆಗಳಿಗೆ ಸಡಿಲವಾಗಿ ಮಾತ್ರ ಹಿಡಿದುಕೊಳ್ಳುವುದರಿಂದ ಕಾಲಕ್ರಮೇಣ ತೊಳೆದುಹೋಗುತ್ತದೆ. ರೋಗಿಗಳಲ್ಲಿ ತುಂಬಿದ್ದು ಉದುರದೆ ಉಳಿಯುವ ಪ್ರಮಾಣ ಇದರಿಂದ ಹೆಚ್ಚುತ್ತದೆಂಬ ಸ್ಪಷ್ಟ ಪುರಾವೆ ಚಿಕಿತ್ಸಾ ಪರೀಕ್ಷೆಗಳಲ್ಲಿ ಸಿಕ್ಕಿಲ್ಲ. ಕೊಲ್ಲಾಜೆನ್ ಎಳೆಗಳನ್ನೇ ಒಂದಕ್ಕೊಂದು ಬೆಸೆದು ಕತ್ತರಿಗೆ ಸಿಗದಂತೆ ಗಟ್ಟಿಗೊಳಿಸುವುದು ಇನ್ನೊಂದು ದಾರಿ. ಚರ್ಮ ಹದಮಾಡುವವರು ತಂಗಡಿ ತೊಗಟೆಯ ಟ್ಯಾನಿನ್‌ನಿಂದ ಮಾಡುವುದೂ ತತ್ವದಲ್ಲಿ ಇದನ್ನೇ. ದ್ರಾಕ್ಷಿ ಬೀಜದಿಂದ ತೆಗೆದ ಪ್ರೊಆಂಥೊಸಯನಿಡಿನ್ ಪ್ರಯೋಗಾಲಯದಲ್ಲಿ ಒಳ್ಳೆಯ ಫಲ ಕೊಟ್ಟಿದೆ. ಹಲ್ಲಿನ ಬಣ್ಣ ಕಂದಾಗುವುದು ಅದರ ತೊಡಕು.

ಮತ್ತೊಂದು ದಾರಿ ಬಲೆಯನ್ನು ಅಷ್ಟೊಂದು ಬರಿದು ಮಾಡದಿರುವುದು. ನನ್ನ ದೃಷ್ಟಿಯಲ್ಲಿ ಇದು ಹೆಚ್ಚು ವಿವೇಕದ್ದು. ಬೇರೆ ಆಮ್ಲ ಹಚ್ಚಿ ತೊಳೆಯುವ ಬದಲು ತಾನೇ ಸೌಮ್ಯ ಆಮ್ಲವಾಗಿರುವ ರಾಳದ ಅಣುವನ್ನು ಬಳಸಿದರೆ, ಅದು ಖನಿಜವನ್ನು ಕರಗಿಸುತ್ತಲೇ ಆ ಜಾಗಕ್ಕೆ ಇಳಿಯುತ್ತದೆ. ಹೈಬ್ರಿಡ್ ಪದರ ಒಂದು ಮೈಕ್ರೋಮೀಟರಿಗಿಂತಲೂ ತೆಳ್ಳಗಾಗುತ್ತದೆ, ಆದರೆ ಎಳೆಗಳ ಸುತ್ತ ಹರಳುಗಳು ಉಳಿದಿರುತ್ತವೆ. 1980ರ ದಶಕದ ಆರಂಭದಲ್ಲಿ ಜಪಾನಿನ ಕುರಾರೆ ಕಂಪನಿ ರೂಪಿಸಿದ ಎಂಡಿಪಿ ಎಂಬ ಅಣುವಿನ ಒಂದು ತುದಿಯಲ್ಲಿ ಫಾಸ್ಫೇಟ್, ಇನ್ನೊಂದು ತುದಿಯಲ್ಲಿ ರಾಳದೊಡನೆ ಕೂಡುವ ಕೊಂಡಿ, ನಡುವೆ ಹತ್ತು ಇಂಗಾಲ ಪರಮಾಣುಗಳ ನೀರೊಲ್ಲದ ಸರಪಳಿ. ಫಾಸ್ಫೇಟ್ ತುದಿ ಹರಳಿನ ಕ್ಯಾಲ್ಸಿಯಂ ಜೊತೆ ಸೇರಿ ನೀರಿನಲ್ಲಿ ಸುಲಭವಾಗಿ ಕರಗದ ಲವಣವಾಗುತ್ತದೆ. ಎಕ್ಸ್-ಕಿರಣ ವಿವರ್ತನೆಯಲ್ಲಿ ಇದಕ್ಕೆ ಬಹಳ ಸಣ್ಣ ಕೋನದಲ್ಲೇ ಶೃಂಗಗಳು ಕಾಣುತ್ತವೆ. ಬ್ರಾಗ್ ನಿಯಮದಂತೆ ಲೆಕ್ಕ ಹಾಕಿದರೆ ಪದರದಿಂದ ಪದರಕ್ಕೆ ಅಂತರ ಸುಮಾರು 4 ನ್ಯಾನೋಮೀಟರ್. ಎರಡೆರಡು ಅಣುಗಳು ಬೆನ್ನಿಗೆ ಬೆನ್ನಾಗಿ ನಿಂತು ಕ್ಯಾಲ್ಸಿಯಂನಿಂದ ಹೊಲಿದಂತಾದ ಪದರಗಳಿವು. 2010ರ ದಶಕದ ಆರಂಭದಿಂದ ಬಂದ ‘ಯೂನಿವರ್ಸಲ್’ ಅಂಟುಗಳಲ್ಲಿ ಹೆಚ್ಚಿನವು ಇದನ್ನೇ ನೆಚ್ಚಿವೆ. ಸೌಮ್ಯ ಆಮ್ಲ ಎನಾಮೆಲ್‌ಗೆ ಸಾಲದು. ಅದಕ್ಕಾಗಿ ಎನಾಮೆಲ್ ಅಂಚಿಗೆ ಮಾತ್ರ ಫಾಸ್ಫಾರಿಕ್ ಆಮ್ಲ ಹಚ್ಚಿ ಡೆಂಟಿನ್ನನ್ನು ಬಿಡುವ ಪದ್ಧತಿ ಈಗ ರೂಢಿಯಲ್ಲಿದೆ.

ಹಂತಗಳನ್ನು ಕಡಿಮೆ ಮಾಡಿ ಎಲ್ಲವನ್ನೂ ಒಂದೇ ಶೀಶೆಯಲ್ಲಿ ಕೊಡುವ ವ್ಯಾಪಾರಿ ಒತ್ತಡ ಮಾತ್ರ ಬಾಳಿಕೆಗೆ ವಿರುದ್ಧ ದಿಕ್ಕಿನದು. ಆಮ್ಲೀಯ ಅಣು, ನೀರು, ದ್ರಾವಕ ಎಲ್ಲ ಒಂದೇ ಕಡೆ ಇದ್ದಾಗ ಗಟ್ಟಿಯಾದ ಪದರವೂ ನೀರನ್ನು ಹಾಯಲು ಬಿಡುವ ಪೊರೆಯಂತಾಗುತ್ತದೆ. ಅದರ ಮೇಲೆ ನೀರೊಲ್ಲದ ರಾಳದ ಇನ್ನೊಂದು ಪದರ ಹಚ್ಚಿದರೆ ಬಹಳಷ್ಟು ಸುಧಾರಿಸುತ್ತದೆ. ಆದರೆ ಹಾಗೆ ಮಾಡಿದರೆ ಒಂದು ಶೀಶೆ ಎರಡಾಯಿತು!

ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾನಿಲಯದವರು 2005ರಲ್ಲಿ ಪ್ರಕಟಿಸಿದ ಸಮೀಕ್ಷೆ ಇಲ್ಲಿ ಕಣ್ಣು ತೆರೆಸುವಂಥದ್ದು. ಅವರು ಆರಿಸಿಕೊಂಡದ್ದು ಹಲ್ಲಿನ ಕುತ್ತಿಗೆಯ ಬಳಿ ಸವೆದು ಬಿದ್ದ ಕಚ್ಚುಗಳಿಗೆ ತುಂಬಿದ ಪ್ರಕರಣಗಳನ್ನು. ಅಲ್ಲಿ ಹಿಡಿದಿಡಲು ಗೋಡೆಗಳಿಲ್ಲ, ಅಂಟೊಂದೇ ಗತಿ. ವರ್ಷಕ್ಕೆ ವಿಫಲವಾದವು ಒಂದೇ ಹಂತದ ಸ್ವಯಂ-ಆಮ್ಲ ಅಂಟುಗಳಲ್ಲಿ ಸರಾಸರಿ ಶೇಕಡ 8.1, ಎರಡು ಹಂತದ ಸ್ವಯಂ-ಆಮ್ಲ ಅಂಟುಗಳಲ್ಲಿ 4.7, ಆಮ್ಲ ತೊಳೆದು ಹಚ್ಚುವ ಮೂರು ಹಂತದವುಗಳಲ್ಲಿ 4.8. ಎಲ್ಲಕ್ಕಿಂತ ಕಡಿಮೆ, ಶೇಕಡ 1.9, ಕಂಡದ್ದು ಗಾಜಿನ ಪುಡಿ ಮತ್ತು ಪಾಲಿಅಕ್ರಿಲಿಕ್ ಆಮ್ಲದಿಂದಾದ ಗ್ಲಾಸ್ ಅಯಾನಮರ್ ಸಿಮೆಂಟಿನಲ್ಲಿ. ವಿಲ್ಸನ್ ಮತ್ತು ಕೆಂಟ್ ಲಂಡನ್ನಿನಲ್ಲಿ ರೂಪಿಸಿ 1970ರ ದಶಕದ ಆರಂಭದಲ್ಲಿ ಪ್ರಕಟಿಸಿದ ಈ ಸಿಮೆಂಟು ಪ್ರಯೋಗಾಲಯದ ಎಳೆತದಲ್ಲಿ ಹತ್ತು ಮೆಗಾಪ್ಯಾಸ್ಕಲ್ ದಾಟಲೂ ತಿಣುಕುತ್ತದೆ. ಅದರ ನೋಟ ಅಷ್ಟಕ್ಕಷ್ಟೆ, ಬೇಗ ಸವೆಯುತ್ತದೆ. ಆದರೆ ಅದು ಹಲ್ಲಿನ ಕ್ಯಾಲ್ಸಿಯಂ ಜೊತೆ ನೇರವಾಗಿ ಬೆಸೆದುಕೊಳ್ಳುತ್ತದೆ, ಬಲೆಯನ್ನು ಬರಿದು ಮಾಡುವುದಿಲ್ಲ, ನೀರು ಅದರ ಕಟ್ಟಡದ್ದೇ ಒಂದು ಭಾಗ. ಮೊದಲ ದಿನದ ಮೆಗಾಪ್ಯಾಸ್ಕಲ್‌ಗಳನ್ನು ನೋಡಿ ಅಂಟನ್ನು ಆರಿಸುವವರು ಈ ಕೋಷ್ಟಕವನ್ನು ಒಮ್ಮೆ ನೋಡಬೇಕು.

ರೋಗಿಯ ಕಡೆಯಿಂದ ಆಗುವುದು ಕಡಿಮೆ, ವೈದ್ಯರ ಕೈಯಲ್ಲಿ ಆಗುವುದು ಬಹಳ. ಎಂಜಲು ತಾಗದಂತೆ ಹಲ್ಲಿಗೆ ರಬ್ಬರ್ ಹಾಳೆ ಕಟ್ಟುವುದು, ಅಂಟನ್ನು ಸೂಚಿಸಿದಷ್ಟು ಹೊತ್ತು ಉಜ್ಜುತ್ತ ಹಚ್ಚುವುದು, ದ್ರಾವಕ ಪೂರ್ತಿ ಆರುವವರೆಗೆ ಗಾಳಿ ಹಾಯಿಸುವುದು, ದೀಪವನ್ನು ಆದಷ್ಟು ಹತ್ತಿರ ಹಿಡಿದು ಸಾಕಷ್ಟು ಹೊತ್ತು ಬೆಳಕು ಕೊಡುವುದು. ಇವುಗಳಲ್ಲಿ ಹೊಸ ರಸಾಯನವಿಜ್ಞಾನವೇನೂ ಇಲ್ಲ. ಒಂದೊಂದಕ್ಕೂ ಕೆಲವು ಸೆಕೆಂಡು ಬೇಕು, ಅಷ್ಟೆ. ಒಂದು ಹಲ್ಲಿಗೆ ಹತ್ತು ನಿಮಿಷ ಹೆಚ್ಚಾಯಿತೆಂದು ಗೊಣಗುವ ರೋಗಿ ಇದನ್ನು ತಿಳಿದಿರುವುದು ಒಳ್ಳೆಯದು.

ಪ್ರಯೋಗಾಲಯಗಳಲ್ಲಿ ನಡೆದಿರುವ ಇನ್ನೊಂದು ಪ್ರಯತ್ನ ನೀರನ್ನು ಓಡಿಸಲು ಅದರ ಜಾಗಕ್ಕೆ ಖನಿಜವನ್ನೇ ಮರಳಿ ತರುವುದು. ಮೂಳೆ ಮತ್ತು ಹಲ್ಲು ಬೆಳೆಯುವಾಗ ಕೆಲವು ಪ್ರೋಟೀನುಗಳು ಕ್ಯಾಲ್ಸಿಯಂ ಫಾಸ್ಫೇಟ್ ಬೇಗನೆ ಹರಳುಗಟ್ಟದಂತೆ ಹಿಡಿದಿಟ್ಟು, ದ್ರವದಂಥ ನ್ಯಾನೋ ಹನಿಗಳಾಗಿ ಕೊಲ್ಲಾಜೆನ್ ಎಳೆಗಳೊಳಗೆ ಸಾಗಿಸುತ್ತವೆ. ಪಾಲಿಆಸ್ಪಾರ್ಟಿಕ್ ಆಮ್ಲದಂಥ ಸರಳ ಪಾಲಿಮರುಗಳಿಂದ ಇದನ್ನು ಅನುಕರಿಸಿದಾಗ, ರಾಳ ತಲುಪದೆ ಉಳಿದ ಎಳೆಗಳೊಳಗೆ ಮತ್ತೆ ಅಪಟೈಟ್ ಹರಳುಗಳು ಬೆಳೆದದ್ದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತೋರಿಸಿದೆ. ಹರಳು ಬೆಳೆದಷ್ಟೂ ನೀರು ಹೊರಕ್ಕೆ ಹೋಗುತ್ತದೆ, ಕಿಣ್ವಗಳು ಮತ್ತೆ ಹೂತುಹೋಗುತ್ತವೆ. ಇದಕ್ಕೆ ಪ್ರಯೋಗಾಲಯದ ದ್ರಾವಣದಲ್ಲಿ ತಿಂಗಳುಗಟ್ಟಲೆ ಸಮಯ ಬೇಕಾಗುತ್ತಿದೆ. ಕುರ್ಚಿಯಲ್ಲಿ ಬಾಯಿ ತೆರೆದು ಕುಳಿತವನಿಗೆ ಅಷ್ಟು ಸಮಯ ಇರುವುದಿಲ್ಲವಾದ್ದರಿಂದ, ತುಂಬುವ ಸಾಮಗ್ರಿಯೊಳಗಿಂದಲೇ ಕ್ಯಾಲ್ಸಿಯಂ, ಫಾಸ್ಫೇಟ್ ಮತ್ತು ಆ ಪಾಲಿಮರನ್ನು ನಿಧಾನವಾಗಿ ಒಸರಿಸುವ ರಾಳಗಳನ್ನು ಈಗ ಪರೀಕ್ಷಿಸುತ್ತಿದ್ದಾರೆ.